ನೀರಿನ ಹುಳಿಗೆ ಅಳತೆಗೋಲನ್ನಿತ್ತ ಸೋರೆನ್ಸೆನ್

ಪಾತ್ರೆಯಲ್ಲಿರುವ ನೀರನ್ನು ಕಣ್ಣಿನಿಂದ ನೋಡಿ ಅದರ ಗುಣವನ್ನು ಹೇಳಬಲ್ಲೆವೆಂಬ ಅಭಿಮಾನವು ಹೋಟೆಲು ನಡೆಸಿದವರಿಗೆಲ್ಲ ಒಂದಲ್ಲ ಒಂದು ಕಾಲದಲ್ಲಿ ಇರುತ್ತದೆ. ನಮಗೂ ಇದ್ದಿತು. ಲೇಖನಿಯನ್ನು ಹಿಡಿಯುವ ಮೊದಲು ನಾವು ಮುಂಬಯಿಯಲ್ಲಿ ಗಲ್ಲಾದ ಮೇಲೆ ಕುಳಿತಿದ್ದ ದಿನಗಳಲ್ಲಿ, ಒಂದು ಬೇಸಗೆ ನಳ್ಳಿಯ ನೀರು ಸಾಲದೆ ಬಾವಿಯ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕಾಯಿತು. ನೀರು ಸ್ಫಟಿಕದಂತೆ ತಿಳಿಯಾಗಿತ್ತು; ರುಚಿಯೂ ಕೆಟ್ಟದೆನಿಸಲಿಲ್ಲ. ಆದರೆ ಮರುದಿನದಿಂದ ತೊಗರಿಬೇಳೆ ಬೇಯದಾಯಿತು. ಎರಡು ತಾಸು ಒಲೆಯ ಮೇಲಿದ್ದರೂ ಕಾಳು ಕಾಳಾಗಿ ನಿಂತಿತು. ಚಹಾದ ಬಣ್ಣ ಮಂಕಾಯಿತು. ಗಿರಾಕಿಗಳು ಸಾಂಬಾರಿನ ಬಟ್ಟಲನ್ನು ಹಿಂದಕ್ಕೆ ಕಳುಹಿಸತೊಡಗಿದರು. ನಾವು ಭಟ್ಟರನ್ನು ಗದರಿಸಿದೆವು. ಬೆಂಕಿಯ ಲಕ್ಷ್ಯವಿಲ್ಲ, ಬೇಳೆಯನ್ನು ನೆನೆಯಿಸಿಲ್ಲ ಎಂದೆವು. ಕೊನೆಗೆ ಎರಡು ದಿನಗಳ ಸಂಬಳವನ್ನೂ ಹಿಡಿದೆವು. ಐದನೆಯ ದಿನ ಪಾತ್ರೆ ತೊಳೆಯುವ ಹುಡುಗನೊಬ್ಬನು ಕುಡಿಯಲೆಂದು ತೆಗೆದಿಟ್ಟಿದ್ದ ನಳ್ಳಿ ನೀರಿನಲ್ಲಿ ಒಂದು ಹಿಡಿ ಬೇಳೆಯನ್ನು ಬೇಯಿಸಿ ತಂದು ತೋರಿಸಿದನು. ಅದು ಬೆಣ್ಣೆಯಂತೆ ಬೆಂದಿತ್ತು. ಅಷ್ಟರಲ್ಲಿ ಭಟ್ಟರು ಬೇರೆ ಹೋಟೆಲಿಗೆ ಹೊರಟುಹೋಗಿದ್ದರು.

ತಾನ್ಸಾ, ವೈತರಣಾ ಜಲಾಶಯಗಳಿಂದ ಮುಂಬಯಿಗೆ ಬರುವ ನೀರು ಮಳೆಯ ನೀರು, ಮೆದುವಾದುದು. ಬಾವಿಯ ನೀರು ಕಲ್ಲುಮಣ್ಣಿನಲ್ಲಿ ಇಳಿದು ಸುಣ್ಣದ ಲವಣಗಳನ್ನು ಹೊತ್ತು ಬಂದುದು. ಆ ಸುಣ್ಣವು ಬೇಳೆಯ ಸಿಪ್ಪೆ ತಿರುಳುಗಳನ್ನು ಬಿಗಿಹಿಡಿಯುತ್ತದೆ. ಬಾಯ್ಲರಿನೊಳಗೆ ಕಟ್ಟುವ ಬಿಳಿಯ ಹಕ್ಕಳೆಯೂ ಅದರದೇ. ಇದನ್ನೆಲ್ಲ ನಾವು ತಿಳಿದುದು ಆಮೇಲೆ, ಪುಸ್ತಕಗಳಿಂದ. ಹಾಗೆ ಓದುತ್ತ ಹೋದಾಗ ನಮಗೆ ಪರಿಚಯವಾದವರು ಡೆನ್ಮಾರ್ಕ್ ದೇಶದ ರಸಾಯನ ಶಾಸ್ತ್ರಜ್ಞರಾದ ಸೋರೆನ್ ಪೀಟರ್ ಲಾರಿಟ್ಸ್ ಸೋರೆನ್ಸೆನ್. ಮಣ್ಣಿನ ಪರೀಕ್ಷೆ, ಕುಡಿಯುವ ನೀರಿನ ಪರೀಕ್ಷೆ, ಆಸ್ಪತ್ರೆಯಲ್ಲಿ ರಕ್ತದ ಪರೀಕ್ಷೆ, ಎಲ್ಲೆಡೆಯೂ ವರದಿಯಲ್ಲಿ ಪಿಎಚ್ ಎಂಬ ಎರಡಕ್ಷರಗಳಿರುವುದನ್ನು ವಾಚಕರು ನೋಡಿರಬಹುದು. ಆ ಅಳತೆಯನ್ನು 1909ರಲ್ಲಿ ಲೋಕಕ್ಕೆ ಕೊಟ್ಟವರು ಇವರು. ಅದು ಹುಟ್ಟಿದುದು ವಿಶ್ವವಿದ್ಯಾಲಯದಲ್ಲಲ್ಲ, ಆಸ್ಪತ್ರೆಯಲ್ಲಲ್ಲ; ಬಿಯರ್ ತಯಾರಿಸುವ ಕಾರ್ಖಾನೆಯವರು ಕಟ್ಟಿಸಿದ ಒಂದು ಸಂಶೋಧನಾಲಯದಲ್ಲಿ.

ಬಿಯರಿನ ಮಾತು ಬಂದುದಕ್ಕೆ ಕೆಲವು ವಾಚಕರು ಹುಬ್ಬುಗಂಟಿಕ್ಕಬಹುದು. ನಾವು ನಡೆಸಿದುದು ಇಡ್ಲಿ ದೋಸೆಯ ಹೋಟೆಲು. ಆ ಪಾನೀಯವನ್ನು ಮಾರಿದವರಲ್ಲ, ಮಾರಲು ಹೇಳುವವರೂ ಅಲ್ಲ. ಆದರೆ ಹಿಟ್ಟು ಹುದುಗುವ ರಹಸ್ಯವನ್ನು ದಿನವೂ ಕೈಯಲ್ಲಿ ಹಿಡಿಯುವ ನಮ್ಮ ಹೋಟೆಲು ಬಂಧುಗಳಿಗೆ ಈ ಕಥೆ ಅಷ್ಟೇನೂ ಪರಕೀಯವೆನಿಸದು.

ಸೋರೆನ್ಸೆನ್ನರು ಹುಟ್ಟಿದುದು 1868ನೆಯ ಇಸವಿ ಜನವರಿ 9ರಂದು, ಹಾವ್ರೆಬ್ಯೆರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರರು. ಹದಿನೆಂಟನೆಯ ವಯಸ್ಸಿನಲ್ಲಿ ಹುಡುಗನು ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದನು. ಮನಸ್ಸಿನಲ್ಲಿದ್ದುದು ವೈದ್ಯನಾಗಬೇಕೆಂಬ ಹಂಬಲ. ಆದರೆ ಅಲ್ಲಿ ರಸಾಯನ ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಎಸ್. ಎಂ. ಯೋರ್ಗೆನ್ಸೆನ್ನರ ಪ್ರಭಾವಕ್ಕೆ ಸಿಕ್ಕಿ, ವೈದ್ಯವನ್ನು ಬಿಟ್ಟು ಆ ಶಾಸ್ತ್ರಕ್ಕೇ ಒಲಿದನು. ವಿಶ್ವವಿದ್ಯಾಲಯದ ಚಿನ್ನದ ಪದಕವನ್ನು ಎರಡು ಬಾರಿ ಗಳಿಸಿದನು. ಓದುವುದರ ಜೊತೆಗೆ ದುಡಿಯುವುದೂ ನಡೆದಿತ್ತು. ದೇಶದ ಭೂಗರ್ಭ ಸಮೀಕ್ಷೆಯಲ್ಲಿ ಕೈಯಾಳಾಗಿ, ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ, ನೌಕಾಪಡೆಯ ಹಡಗುಕಟ್ಟೆಗೆ ಸಲಹೆಗಾರನಾಗಿ, ಹೀಗೆ ಹಲವೆಡೆ ಕೆಲಸ ಮಾಡುತ್ತಲೇ 1899ರಲ್ಲಿ ಕೋಬಾಲ್ಟ್ ಲೋಹದ ಲವಣಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹಗಲು ಆಫೀಸು, ರಾತ್ರಿ ಕಾಲೇಜು ಎಂದು ಓಡಾಡುವ ನಮ್ಮ ಗುಮಾಸ್ತ ಮಿತ್ರರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಕೋಪನ್‌ಹೇಗನ್ನಿನ ಹೊರವಲಯದ ವಾಲ್ಬಿಯಲ್ಲಿ ಜೆ. ಸಿ. ಯಾಕೋಬ್ಸೆನ್ ಎಂಬವರು 1847ರಲ್ಲಿ ಬಿಯರ್ ಕಾರ್ಖಾನೆಯೊಂದನ್ನು ತೆರೆದು, ತಮ್ಮ ಮಗ ಕಾರ್ಲನ ಹೆಸರಿನಿಂದ ಅದಕ್ಕೆ ಕಾರ್ಲ್ಸ್‌ಬರ್ಗ್ ಎಂದು ಹೆಸರಿಟ್ಟಿದ್ದರು. ಅವರಿಗೆ ಬೇಕಾಗಿದ್ದುದು ಬವೇರಿಯದ ಲಾಗರ್ ಬಿಯರ್. ಲಾಗರ್ ಎಂಬ ಜರ್ಮನ್ ಮಾತಿಗೆ ಕೂಡಿಡುವುದು ಎಂಬ ಅರ್ಥವಿದೆ. ತಂಪಿನಲ್ಲಿ ನಿಧಾನವಾಗಿ ಹುದುಗಿಸಿ, ಆಮೇಲೆ ವಾರಗಟ್ಟಲೆ ತಣ್ಣಗಿನ ನೆಲಮಾಳಿಗೆಯಲ್ಲಿ ಕೂಡಿಟ್ಟು ಮಾಗಿಸುವ ಪಾನೀಯವಿದು. ಅದಕ್ಕೆ ಬೇಕಾದ ಯೀಸ್ಟನ್ನು ಯಾಕೋಬ್ಸೆನ್ನರು 1845ರಲ್ಲಿ ಮ್ಯೂನಿಕ್ ನಗರದಿಂದ ತಗಡಿನ ಡಬ್ಬಿಯಲ್ಲಿ ತಂದರೆಂದೂ, ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗೆ ತಣ್ಣೀರು ಹೊಯ್ದು ಅದನ್ನು ಜೀವಂತವಾಗಿ ಉಳಿಸಿದರೆಂದೂ ಕಥೆಯಿದೆ. ನಮ್ಮ ಅಜ್ಜಿಯಂದಿರು ಊರಿನಿಂದ ಹೊರಡುವಾಗ ಹೆಪ್ಪಿನ ಗಿಂಡಿಯನ್ನು ಕಾಪಾಡಿಕೊಂಡು ಬರುತ್ತಿದ್ದುದು ಇದಕ್ಕಿಂತ ಬೇರೆಯಲ್ಲ.

ಈ ಧಣಿ 1875ರಲ್ಲಿ ಕಾರ್ಖಾನೆಯ ಪಕ್ಕದಲ್ಲಿಯೇ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದರು. ಅದರ ಕಟ್ಟಳೆಯಲ್ಲಿ ಒಂದು ಅಪೂರ್ವವಾದ ಮಾತಿದ್ದಿತು. ಇಲ್ಲಿ ದೊರೆತ ಯಾವ ಮಹತ್ವದ ಫಲಿತಾಂಶವನ್ನೂ ಗುಟ್ಟಾಗಿಡಕೂಡದು. ಪಕ್ಕದ ಹೋಟೆಲಿನವನಿಗೆ ಮಸಾಲೆಯ ಪ್ರಮಾಣ ತಿಳಿದೀತೆಂದು ಕದವಿಕ್ಕಿ ಹುರಿಯುವ ನಮ್ಮಂಥವರು ಈ ಕಟ್ಟಳೆಯ ಮುಂದೆ ತುಸು ಹೊತ್ತು ನಿಲ್ಲಬೇಕಾದುದೇ. ಮಾತು ಬರಿಯ ಕಾಗದದ ಮೇಲೆ ಉಳಿಯಲಿಲ್ಲ. ಅಲ್ಲಿಯ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ನರು 1883ರಲ್ಲಿ ಒಂದೇ ಜೀವಕಣದಿಂದ ಶುದ್ಧ ಯೀಸ್ಟನ್ನು ಬೆಳೆಸುವ ಕ್ರಮವನ್ನು ಕಾರ್ಖಾನೆಯಲ್ಲಿ ಬಳಕೆಗೆ ತಂದಾಗ, ಅದನ್ನು ಇತರ ತಯಾರಕರಿಗೂ ಹಣ ಕೇಳದೆ ಕೊಡಲಾಯಿತು. ಅದೇ ವರ್ಷ ರಸಾಯನ ವಿಭಾಗದ ಯೋಹಾನ್ ಕೆಲ್ದಾಲರು ಧಾನ್ಯದಲ್ಲಿರುವ ಸಾರಜನಕವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಧಾನ್ಯದ, ಹಾಲಿನ ಪ್ರೋಟೀನನ್ನು ಲೆಕ್ಕ ಹಾಕುವಾಗ ಇಂದಿಗೂ ಅವರ ಹೆಸರು ಕೇಳಿಬರುತ್ತದೆ. 1900ರ ಜುಲೈಯಲ್ಲಿ ಕೆಲ್ದಾಲರು ಸಮುದ್ರಸ್ನಾನಕ್ಕೆ ಇಳಿದವರು ಅಲ್ಲಿಯೇ ಅಸುನೀಗಿದರು. ಬರಿದಾದ ಆ ಪೀಠಕ್ಕೆ 1901ರಲ್ಲಿ ಬಂದವರು ಮೂವತ್ತಮೂರು ವರ್ಷದ ಸೋರೆನ್ಸೆನ್. ಮುಂದೆ ಮೂವತ್ತೇಳು ವರ್ಷ ಅವರು ಆ ಸ್ಥಾನವನ್ನು ಬಿಟ್ಟು ಕದಲಲಿಲ್ಲ.

ಈಗ ಅವರ ಕೆಲಸದ ಗಂಟು ಯಾವುದೆಂಬುದನ್ನು ಬಿಡಿಸಿ ಹೇಳಬೇಕು. ಬಾರ್ಲಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಗಂಜಿಯಂತೆ ಕಲಸಿಟ್ಟರೆ ಅದರ ಹಿಟ್ಟು ಒಂದು ಗಂಟೆಯೊಳಗೆ ಸಕ್ಕರೆಯಾಗುತ್ತದೆ. ಹಾಗೆ ಮಾಡುವವು ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು. ನಮ್ಮ ಹೊಟ್ಟೆಯಲ್ಲಿ ಅನ್ನವನ್ನು ಜೀರ್ಣಿಸುವವೂ ಕಿಣ್ವಗಳೇ. ಅವು ಬಲು ನಾಜೂಕಿನವು. ಶಾಖ ತುಸು ಹೆಚ್ಚಾದರೆ ಸಾಯುತ್ತವೆ. ಹುಳಿ ಹೆಚ್ಚಿದರೂ ಕಡಮೆಯಾದರೂ ಮುಷ್ಕರ ಹೂಡುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿದ್ದಿತು. ಆದರೆ ಒಬ್ಬರು ಪಡೆದ ಫಲಿತಾಂಶ ಇನ್ನೊಬ್ಬರಿಗೆ ದೊರೆಯುತ್ತಿರಲಿಲ್ಲ. ಇಷ್ಟೇ ಹನಿ ಆಮ್ಲವನ್ನು ಹಾಕಿದೆವು ಎಂದು ಇಬ್ಬರೂ ಬರೆದಿಡುತ್ತಿದ್ದರು. ಒಬ್ಬರ ಕಿಣ್ವ ಓಡುತ್ತಿತ್ತು, ಇನ್ನೊಬ್ಬರದು ಮಲಗಿರುತ್ತಿತ್ತು.

ಸೋರೆನ್ಸೆನ್ನರು ಹಿಡಿದ ಎಳೆ ಇದು. ಹಾಕಿದ ಹುಳಿಯೇ ಬೇರೆ, ದ್ರಾವಣದಲ್ಲಿ ಬಿಡಿಯಾಗಿ ಓಡಾಡುತ್ತ ಕೆಲಸ ಮಾಡುವ ಹುಳಿಯೇ ಬೇರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಖಾತೆಯ ಪುಸ್ತಕದಲ್ಲಿ ಸಾವಿರ ರೂಪಾಯಿ ಇರಬಹುದು. ಅದರಲ್ಲಿ ಒಂಬೈನೂರು ಉದ್ದರಿಯಲ್ಲಿ ಸಿಕ್ಕಿಕೊಂಡಿದ್ದರೆ ಗಲ್ಲಾದಲ್ಲಿರುವುದು ನೂರೇ. ಹಾಲಿನವನಿಗೆ ಕೊಡಲು ಆಗುವುದು ಗಲ್ಲಾದ ಹಣ, ಪುಸ್ತಕದ ಹಣವಲ್ಲ. ಹಾಗೆಯೇ ದ್ರಾವಣಕ್ಕೆ ಹೊಯ್ದ ಆಮ್ಲದಲ್ಲಿ ಬಹುಭಾಗವನ್ನು ಪ್ರೋಟೀನುಗಳೂ ಲವಣಗಳೂ ಹಿಡಿದಿಟ್ಟುಕೊಳ್ಳುತ್ತವೆ. ಉಳಿದ ಬಿಡಿ ಜಲಜನಕ ಕಣಗಳು, ಶಾಸ್ತ್ರಜ್ಞರು ಅಯಾನು ಎನ್ನುವವು, ಎಷ್ಟಿವೆ ಎಂಬುದರ ಮೇಲೆ ಕಿಣ್ವದ ನಡತೆ ನಿಂತಿದೆ. ಅಳೆಯಬೇಕಾದುದು ಅದನ್ನು.

ಅಳೆಯುವುದು ಹೇಗೆ? ಕಪ್ಪು ಪ್ಲಾಟಿನಮ್ ಲೇಪಿಸಿದ ತಗಡನ್ನು ದ್ರಾವಣದಲ್ಲಿ ಅದ್ದಿ, ಅದರ ಮೇಲೆ ಜಲಜನಕ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿ, ಹುಟ್ಟುವ ವಿದ್ಯುತ್ತಿನ ಒತ್ತಡವನ್ನು ಗುರುತಿಸಿದರು. ಇದು ತ್ರಾಸದ ಕೆಲಸ. ಎಲ್ಲ ಪ್ರಯೋಗಶಾಲೆಗಳಿಗೂ ಈ ಉಪಕರಣ ದೊರೆಯದೆಂದು ತಿಳಿದು, ಹುಳಿಗೆ ತಕ್ಕಂತೆ ಬಣ್ಣ ಬದಲಾಯಿಸುವ ಹಲವಾರು ರಂಗುಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಂಬಿಕೆಗೆ ಅರ್ಹವಾದವನ್ನು ಆರಿಸಿ ಕೊಟ್ಟರು. ಹೋಲಿಸಿ ನೋಡಲು ಫಾಸ್ಫೇಟ್, ಸಿಟ್ರೇಟ್, ಬೋರೇಟ್ ಮುಂತಾದ ಲವಣಗಳಿಂದ, ತುಸು ಆಮ್ಲ ಬಿದ್ದರೂ ಕದಲದೆ ನಿಲ್ಲುವ ದ್ರಾವಣಗಳ ಸಾಲನ್ನು ತಯಾರಿಸಿದರು. ಇವಕ್ಕೆ ಬಫರ್ ಎಂಬ ಹೆಸರು. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್, ಕ್ಯಾಟಲೇಸ್, ಹೊಟ್ಟೆಯ ಪೆಪ್ಸಿನ್, ಈ ಮೂರು ಕಿಣ್ವಗಳ ಮೇಲೆ ತಮ್ಮ ಅಳತೆಯನ್ನು ಪ್ರಯೋಗಿಸಿ, ಪ್ರತಿಯೊಂದಕ್ಕೂ ತನಗೆ ಒಗ್ಗುವ ಹುಳಿಯ ಎಲ್ಲೆಯೊಂದಿದೆ ಎಂಬುದನ್ನು ತೋರಿಸಿದರು.

ಇನ್ನು ಉಳಿದುದು ಸಂಖ್ಯೆಯ ತೊಡಕು. ಶುದ್ಧ ನೀರಿನಲ್ಲಿ ಬಿಡಿ ಜಲಜನಕವು ಲೀಟರಿಗೆ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು ಮಾತ್ರ. ತುಸು ಹುಳಿಯಾದ ದ್ರಾವಣದಲ್ಲಿ ಲಕ್ಷದಲ್ಲೊಂದು ಪಾಲು. ದಿನವೂ ಇಷ್ಟು ಸೊನ್ನೆಗಳನ್ನು ಬರೆಯುವುದು ಹೇಗೆ? ಸೋರೆನ್ಸೆನ್ನರು ಸೊನ್ನೆಗಳನ್ನೇ ಎಣಿಸಿದರು. ಕೋಟಿಗೆ ಏಳು ಸೊನ್ನೆ, ಆದುದರಿಂದ ಶುದ್ಧ ನೀರಿನ ಅಂಕ 7. ಲಕ್ಷಕ್ಕೆ ಐದು ಸೊನ್ನೆ, ಅದರ ಅಂಕ 5. ಅಂಕ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು. ನಿಂಬೆಯ ರಸ ಸುಮಾರು 2. ಚೆನ್ನಾಗಿ ಹುದುಗಿದ ಇಡ್ಲಿಯ ಹಿಟ್ಟು 4 ಮತ್ತು 5ರ ನಡುವೆ. ಸಾಬೂನಿನ ನೀರು 7ನ್ನು ದಾಟಿ ಮೇಲಕ್ಕೆ. ಲಕ್ಷ ಕೋಟಿಗಳ ಲೆಕ್ಕವನ್ನು ಒಂದೇ ಅಂಕೆಗೆ ಇಳಿಸಿದ ಈ ಜಾಣ್ಮೆಯನ್ನು ಲೆಡ್ಜರು ಬರೆದು ಕೈನೋವು ಬಂದವರು ಮೆಚ್ಚದಿರಲಾರರು.

ಅವರು ಇದನ್ನು ಜಲಜನಕ ಅಯಾನಿನ ಘಾತಾಂಕವೆಂದು ಕರೆದು, ಪಿ ಅಕ್ಷರದ ಬುಡದಲ್ಲಿ ಎಚ್ ಅಕ್ಷರವನ್ನು ಕಿರಿದಾಗಿ ಬರೆದರು. ಪಿ ಎಂದರೆ ಏನೆಂಬುದನ್ನು ಅವರು ಬಿಡಿಸಿ ಹೇಳದ ಕಾರಣ ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಎರಡಕ್ಷರಗಳೂ ಒಂದೇ ಸಾಲಿಗೆ ಬಂದುದು 1920ರ ಸುಮಾರಿಗೆ, ಅಮೆರಿಕದ ಡಬ್ಲ್ಯು. ಎಂ. ಕ್ಲಾರ್ಕರು ಅಚ್ಚುಕೂಟದ ಅನುಕೂಲಕ್ಕಾಗಿ ಹಾಗೆ ಬರೆದುದರಿಂದ ಎನ್ನುತ್ತಾರೆ. ಅಚ್ಚುಮೊಳೆ ಜೋಡಿಸುವವರ ಕಷ್ಟವನ್ನು ನೆನೆದ ವಿಜ್ಞಾನಿಯ ಮೇಲೆ ಪತ್ರಿಕೆಯವರಾದ ನಮಗೆ ವಿಶೇಷ ಆದರ.

ಈ ಅಳತೆ ಬಂದ ಮೇಲೆ ಬಿಯರ್ ತಯಾರಕರಿಗೆ ತಮ್ಮ ನೀರಿನ ಹಳೆಯ ಒಗಟು ಬಿಡಿಸಿತು. ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಬಂಗಾರದ ಬಣ್ಣದ ಲಾಗರನ್ನು ತಯಾರಿಸಿದಾಗ ಅದು ಯುರೋಪನ್ನೇ ಗೆದ್ದಿತು. ಅದನ್ನು ಅನುಕರಿಸಿದವರಲ್ಲಿ ಅನೇಕರ ಪಾನೀಯ ಒರಟೊರಟಾಗಿ, ಬಣ್ಣಗೆಟ್ಟು ಬರುತ್ತಿತ್ತು. ಬಾರ್ಲಿ ಅದೇ, ಯೀಸ್ಟು ಅದೇ. ನೀರು ಮಾತ್ರ ಬೇರೆ. ಪಿಲ್ಸೆನ್ನಿನ ನೀರು ಮಳೆನೀರಿನಷ್ಟು ಮೆದು. ಮ್ಯೂನಿಕ್ಕಿನ ನೀರಿನಲ್ಲಿ ಸುಣ್ಣದ ಬೈಕಾರ್ಬೊನೇಟು ತುಂಬಿದೆ. ಕೋಪನ್‌ಹೇಗನ್ನಿನ ಅಂತರ್ಜಲವೂ ಸುಣ್ಣದ ಕಲ್ಲಿನಿಂದ ಬಂದ ಗಡಸು ನೀರು. ಬಾರ್ಲಿಯ ಗಂಜಿಗೆ ಬೇಕಾದ ಅಂಕ ಸುಮಾರು 5.2ರಿಂದ 5.6. ಬೈಕಾರ್ಬೊನೇಟು ಗಂಜಿಯ ಹುಳಿಯನ್ನು ನುಂಗಿ ಅಂಕವನ್ನು ಮೇಲಕ್ಕೆ ಎತ್ತುತ್ತದೆ. ಕಿಣ್ವಗಳು ಸೋಮಾರಿಯಾಗುತ್ತವೆ, ಸಿಪ್ಪೆಯ ಒಗರು ಇಳಿಯುತ್ತದೆ. ಕಪ್ಪಗೆ ಹುರಿದ ಬಾರ್ಲಿಗೆ ತನ್ನದೇ ಹುಳಿಯಿರುವುದರಿಂದ ಅದು ಈ ಸುಣ್ಣವನ್ನು ಎದುರಿಸಿ ನಿಲ್ಲುತ್ತದೆ. ಆದುದರಿಂದಲೇ ಮ್ಯೂನಿಕ್ಕಿನಲ್ಲಿ ಕಂದು ಬಣ್ಣದ ಲಾಗರು ಬೆಳೆಯಿತು, ಪಿಲ್ಸೆನ್ನಿನಲ್ಲಿ ಬಿಳಿಚು ಬಣ್ಣದ್ದು. ತಲೆಮಾರುಗಳಿಂದ ಕೈಚಳಕವೆಂದು ಹೊಗಳಿಸಿಕೊಂಡುದರಲ್ಲಿ ಅರ್ಧ ಪಾಲು ಬಾವಿಯದಾಗಿತ್ತು. ಹಾಗೆಯೇ, ಕೈಲಾಗದವರೆಂದು ಬೈಸಿಕೊಂಡವರ ತಪ್ಪಿನಲ್ಲಿಯೂ. ನಮ್ಮ ಭಟ್ಟರ ನೆನಪು ಇಲ್ಲಿ ಮತ್ತೆ ಬರುತ್ತದೆ.

ಯುರೋಪು, ಅಮೆರಿಕಗಳಲ್ಲಿ ಕಾನೂನಿನ ಅನುಮತಿಯೊಳಗೆ ಮನೆಯಲ್ಲಿಯೇ ಲಾಗರ್ ತಯಾರಿಸುವ ಹವ್ಯಾಸಿಗಳಿದ್ದಾರೆ. (ನಮ್ಮಲ್ಲಿ ಅಬಕಾರಿ ಕಾನೂನು ರಾಜ್ಯಕ್ಕೊಂದು ಬಗೆ, ವಾಚಕರು ಇದನ್ನು ಮನೆಯಲ್ಲಿ ಮಾಡಿನೋಡುವ ಪಾಠವೆಂದು ಎಣಿಸಬಾರದು.) ಅವರು ನಳ್ಳಿಯ ನೀರನ್ನು ಸೋರೆನ್ಸೆನ್ನರ ಅಂಕದ ಪ್ರಕಾರ ತಿದ್ದುತ್ತಾರೆ. ನೀರನ್ನು ಕುದಿಸಿದರೆ ಬೈಕಾರ್ಬೊನೇಟಿನ ಒಂದು ಪಾಲು ಹಕ್ಕಳೆಯಾಗಿ ತಳಕ್ಕೆ ಕೂರುತ್ತದೆ; ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಾರೆ. ಕೆಲವರು ಲವಣ ತೆಗೆದ ಶುದ್ಧ ನೀರನ್ನು ಅರ್ಧಕ್ಕರ್ಧ ಬೆರೆಸುತ್ತಾರೆ. ಕೆಲವರು ಜಿಪ್ಸಮ್ಮನ್ನೋ ಕ್ಯಾಲ್ಸಿಯಂ ಕ್ಲೋರೈಡನ್ನೋ ತುಸು ಹಾಕುತ್ತಾರೆ. ಇವುಗಳ ಕ್ಯಾಲ್ಸಿಯಂ ಬಾರ್ಲಿಯ ಫಾಸ್ಫೇಟಿನೊಡನೆ ಕೂಡಿ ಅಂಕವನ್ನು ಕೆಳಗಿಳಿಸುತ್ತದೆ. ಅದೂ ಸಾಲದಿದ್ದರೆ ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಕೆಲವು ಹನಿಗಳು. ಜರ್ಮನಿಯವರು ಹಳೆಯ ಶುದ್ಧತೆಯ ಕಟ್ಟಳೆಗೆ ಅಂಜಿ ಸೀಸೆಯ ಆಮ್ಲವನ್ನು ಮುಟ್ಟದೆ, ಬಾರ್ಲಿಯ ಮೊಳಕೆಯನ್ನೇ ಹುಳಿ ಬರಿಸಿ ಬೆರೆಸುತ್ತಾರೆ. ನಳ್ಳಿ ನೀರಿಗೆ ಹಾಕಿದ ಕ್ಲೋರಿನ್ ಔಷಧದ ವಾಸನೆ ತರುತ್ತದೆ. ಅದನ್ನು ಕುದಿಸಿಯೋ ತೆರೆದಿಟ್ಟೋ ಹೋಗಲಾಡಿಸಬಹುದು. ಕ್ಲೋರಿನ್ನಿಗೆ ಬದಲು ಕ್ಲೊರಮೈನ್ ಹಾಕುವ ಪಟ್ಟಣಗಳಲ್ಲಿ ಅಷ್ಟರಿಂದ ಸಾಗದು. ಪೊಟ್ಯಾಸಿಯಂ ಮೆಟಾಬೈಸಲ್ಫೈಟಿನ ಚಿಟಿಕೆ ಬೇಕು.

ಇಲ್ಲೊಂದು ಎಚ್ಚರಿಕೆಯ ಮಾತುಂಟು. ನಾವು ಈಚೆಗೆ ಬಣ್ಣ ಬದಲಾಯಿಸುವ ಕಾಗದದ ಪಟ್ಟಿಗಳನ್ನು ಕೊಂಡು, ನಳ್ಳಿಯ ನೀರಿನಲ್ಲೊಂದು ಬಾವಿಯ ನೀರಿನಲ್ಲೊಂದು ಅದ್ದಿ ನೋಡಿದೆವು. ಎರಡರ ಬಣ್ಣವೂ ಹೆಚ್ಚು ಕಡಮೆ ಒಂದೇ. ಬೇಳೆಯನ್ನು ಬೇಯಿಸಿದಾಗ ಮಾತ್ರ ಹಳೆಯ ವ್ಯತ್ಯಾಸವೇ ಕಂಡಿತು. ನೀರಿನ ಅಂಕವು ಅದರಲ್ಲಿ ಅಡಗಿರುವ ಸುಣ್ಣದ ಮೊತ್ತವನ್ನು ಹೇಳುವುದಿಲ್ಲ. ಆದುದರಿಂದಲೇ ಬಲ್ಲ ತಯಾರಕನು ಬರಿಯ ನೀರನ್ನು ಅಳೆದು ತೃಪ್ತನಾಗುವುದಿಲ್ಲ. ಬಾರ್ಲಿ ಬಿದ್ದ ಮೇಲೆ ಗಂಜಿಯನ್ನು ಅಳೆಯುತ್ತಾನೆ. ಹಾಕಿದುದನ್ನಲ್ಲ, ಆದುದನ್ನು ಅಳೆಯಬೇಕೆಂಬ ಸೋರೆನ್ಸೆನ್ನರ ಪಟ್ಟು ಇದೇ ಅಲ್ಲವೇ?

ಈ ಪಟ್ಟನ್ನು ಅವರು ತಮ್ಮ ಮೇಲೆಯೂ ನಡೆಸಿದರು. ಹದಿನೈದು ವರ್ಷಗಳಲ್ಲಿ ಲೋಕವೆಲ್ಲ ಅವರ ಅಂಕವನ್ನು ಒಪ್ಪಿಕೊಂಡಿದ್ದಾಗ, ತಮ್ಮ ಉಪಕರಣವು ತೋರಿಸುವುದು ಜಲಜನಕ ಕಣಗಳ ಸಂಖ್ಯೆಯನ್ನಲ್ಲ, ಅವುಗಳ ಚಟುವಟಿಕೆಯನ್ನು ಎಂದು ಅವರಿಗೆ ಮನವರಿಕೆಯಾಯಿತು. ಕಿರಿಯ ಸಹೋದ್ಯೋಗಿ ಕಾಯ್ ಲಿಂಡರ್‌ಸ್ಟ್ರೋಮ್-ಲಾಂಗರೊಡನೆ ಸೇರಿ 1924ರಲ್ಲಿ ಆ ತಿದ್ದುಪಡಿಯನ್ನು ಪ್ರಕಟಿಸಿದರು. ಹೆಸರು ತಂದ ಕೆಲಸದ ಕೊರತೆಯನ್ನು ತಾವೇ ಅಚ್ಚು ಹಾಕಿಸುವವರು ಎಷ್ಟು ಮಂದಿ?

ಉಳಿದ ಕಾಲವನ್ನೆಲ್ಲ ಅವರು ಪ್ರೋಟೀನುಗಳಿಗೆ ಕೊಟ್ಟರು. 1917ರಿಂದ ಮೊಟ್ಟೆಯ ಬಿಳಿಯ ಭಾಗವನ್ನು ಹರಳುಗಟ್ಟಿಸಿ, ಅದರ ಅಣುವಿನ ತೂಕವನ್ನು ಲೆಕ್ಕ ಹಾಕಿದರು. ಈ ಕೆಲಸದಲ್ಲಿ ಅವರ ಪತ್ನಿ ಮಾರ್ಗರೆಟ್ ಹೊಯ್ರುಪ್ ಜೊತೆಗೆ ನಿಂತು ದುಡಿದರು. ನೊಬೆಲ್ ಪಾರಿತೋಷಕವು ಅವರಿಗೆ ದೊರೆಯಲಿಲ್ಲ. ಸಂಶೋಧನಾಲಯದ ಕಟ್ಟಳೆಯಂತೆ ಎಲ್ಲವನ್ನೂ ಪ್ರಕಟಿಸಿಬಿಟ್ಟುದರಿಂದ, ಅಳತೆಯನ್ನು ಬಳಸುವವರು ಯಾರಿಗೂ ಶುಲ್ಕ ತೆರಬೇಕಾಗಿರಲಿಲ್ಲ. ಪ್ಲಾಟಿನಮ್ಮಿನ ತೊಡಕಿನ ಉಪಕರಣಕ್ಕೆ ಬದಲಾಗಿ ಗಾಜಿನ ಕಡ್ಡಿಯ ಸುಲಭವಾದ ಯಂತ್ರವು 1934ರಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್ನರ ಕೈಯಲ್ಲಿ ಸಿದ್ಧವಾಯಿತು. ಕ್ಯಾಲಿಫೋರ್ನಿಯದ ಹಣ್ಣಿನ ವ್ಯಾಪಾರಿಗಳಿಗೆ ನಿಂಬೆಯ ರಸದ ಹುಳಿಯನ್ನು ಬೇಗ ಅಳೆಯಬೇಕಾಗಿದ್ದುದೇ ಅದರ ಕಾರಣ.

1938ರಲ್ಲಿ ಸೋರೆನ್ಸೆನ್ನರು ಕೆಲಸದಿಂದ ನಿವೃತ್ತರಾದರು. ಕೆಲ್ದಾಲರಿಂದ ತಮಗೆ ಬಂದಿದ್ದ ಆ ಪೀಠವು ಲಿಂಡರ್‌ಸ್ಟ್ರೋಮ್-ಲಾಂಗರಿಗೆ ಹೋಯಿತು. ವಿಶ್ರಾಂತಿಯ ಕಾಲ ದೀರ್ಘವಾಗಲಿಲ್ಲ. 1939ರ ಫೆಬ್ರವರಿ 12ರಂದು, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.